ಎಲ್5-ಎಸ್1 ಡಿಸ್ಕ್: ಆಪರೇಶನ್ನೋ, ಇನ್ನಷ್ಟು ದಿನಾ ತಡಿಯೋದೋ?

ಬೆಟಗೇರಿ ಮಗ್ಗದಾಕಿ:
ನಮಸ್ಕಾರ್ರಿ. ಕುಣಿಮಗ್ಗದಾಗ ಸೀರಿ ನೇಯಾಕಿ ನಾನು. ದೀಪಾವಳಿ ಆದಮ್ಯಾಲೆ ನಡಾ ಹಿಡೀತು. ಈಗ ನಡಾಕ್ಕಿಂತ ಕಾಲಿನ ತ್ರಾಸ ಜಾಸ್ತಿ. ಬಲಗಡಿ ಕುಂಡಿಯಿಂದ ತೊಡಿ ಹಿಂದ, ಮೀನಖಂಡ, ಕಿರಿಬೆರಳ ತನಕ ಕರೆಂಟ್ ಹೊಡದಂಗ ಆಗತೈತಿ. ಕೆಮ್ಮಿದ್ರಂತೂ ಜೀವಾ ಹೋದಂಗ. ಎಂಆರ್‌ಐದಾಗ ಎಲ್5-ಎಸ್1 ಡಿಸ್ಕ್, ಅಂದ್ರ ನಡದ ಕಟ್ಟಕಡಿ ಮಣಕದ ಕೆಳಗಿನ ಗಾದಿ, ಹೊರಗ ಬಂದು ಕಾಲಿಗೆ ಹೋಗೋ ಎಸ್1 ನರಾ ಒತ್ತೇತಿ ಅಂತ ಬರದಾರ.

ಒಬ್ಬ ಡಾಕ್ಟರು ಫಿಲ್ಮ್ ಬೆಳಕಿಗೆ ಹಿಡದು ನೋಡಿದ್ರು, ನನ್ನ ಕಾಲು ಮುಟ್ಟಲೂ ಇಲ್ಲ, "ಈ ವಾರನ ಆಪರೇಶನ್ ಮಾಡಿಬಿಡೂಣು" ಅಂದ್ರು. ಇನ್ನೊಬ್ರು ಮಲಗಿಸಿ ಕಾಲು ನೆಟ್ಟಗ ಎತ್ತಿ ನೋಡಿ, ಆರು ವಾರ ಗುಳಿಗಿ, ವ್ಯಾಯಾಮ ಅಂದ್ರು. ನರದ ನೋವಿನ ಗುಳಿಗಿ ಪ್ರಿಗ್ಯಾಬಲಿನ್ ನುಂಗಿದ್ರ ತಲಿ ಮಂಪರ. ಮಗ್ಗದಾಗ ಎಳಿ ಹರದ್ರೂ ಖಬರ ಇರೂದಿಲ್ಲ.

ನೋವು ಹೆಂಗರ ತಡಕೊಂಡೇನು. ಆದ್ರ ಬಲಗಾಲಿಲೆ ತುಳಿಯೋ ಹಲಗಿ ಪೂರ್ತಿ ಕೆಳಗ ಹೋಗವಲ್ದು. ಹಾಸಿನ ಎಳಿ ಸರಿಯಾಗಿ ಬಾಯಿ ತೆರಿಯೂದಿಲ್ಲ, ಲಾಳಿ ನಡಬರಕ ಸಿಕ್ಕೋತೈತಿ. ಪಟ್ಟೇದ ಅಂಚಿನ ಸೀರಿ ಅರ್ಧಕ್ಕ ನಿಂತೈತಿ. ನಮ್ಮತ್ತಿ "ಕಾಲು ಎಳಿಸ್ಕೊಂಡ ಬಾ" ಅಂತ ಗಂಟು ಬಿದ್ದಾರ. ಬಿಪಿಎಲ್ ಕಾರ್ಡ್ ಐತಿ. ಏನ ಮಾಡ್ಲಿ?

ನರಗುಂದದಾಂವ:
ಅಕ್ಕಾರ, ನಿಮ್ಮತ್ತಿ ಹೇಳೂದು ಬರೊಬ್ಬರಿ ಐತಿ. ನಮ್ಮ ಕಾಕಾಗ ಎರಡೂ ಕಾಲು ಹಿಡದು ಒಮ್ಮೆ ಝಾಡಿಸಿದ್ರು, ಮಣಕಾ ಕಟಕ್ ಅಂತ ಕೂತು. ಖರ್ಚಿಲ್ಲ ಏನಿಲ್ಲ.

ಧಾರವಾಡ ಫಿಜಿಯೊ:
ಝಾಡಿಸೋದು ಬ್ಯಾಡ್ರಿ ಅಕ್ಕಾರ, ಕೈ ಮುಗೀತೀನಿ. ಅಲ್ಲಿ ಮಣಕಾ ಏನೂ ಸರದಿಲ್ಲ ಕೂಡಸಲಿಕ್ಕೆ. ಎರಡು ಮಣಕದ ನಡುವಿನ ಗಾದಿ ಸೀಳಿ ಒಳಗಿನ ಮೆತ್ತನ್ನ ಭಾಗ ಹೊರಗ ಬಂದದ. ಜಗ್ಗಿದ್ರ ಇನ್ನಷ್ಟು ಬಂದೀತು.

ಹೊರಗ ಬಂದದ್ದನ್ನ ಮೈ ತಾನ ನಿಧಾನಕ್ಕ ಕರಗಿಸ್ತದ. ದೊಡ್ಡ ತುಂಡೇ ಹೆಚ್ಚು ಕರಗ್ತದ ಅಂದ್ರ ಯಾರೂ ನಂಬೂದಿಲ್ಲ, ಆದ್ರ ಖರೆ. ಅದಕ್ಕ ಬಹಳ ಮಂದಿಗೆ 6ರಿಂದ 12 ವಾರದಾಗ ಹಗರಾಗ್ತದ. 2007ರಾಗ ನೆದರ್ಲ್ಯಾಂಡ್ಸಿನವ್ರು 283 ಮಂದಿ ಮ್ಯಾಲೆ ಮಾಡಿದ ಅಧ್ಯಯನದಾಗ, ಲಗೂ ಆಪರೇಶನ್ ಅಂದವ್ರು, ತಡದು ನೋಡೂಣು ಅಂದವ್ರು, ಎರಡೂ ಗುಂಪಿನಾಗ ವರ್ಷ ತುಂಬೂದ್ರಾಗ ಸುಮಾರು 95% ಮಂದಿ ಚೇತರಿಸಿದ್ರು. ಆಪರೇಶನ್ ಗುಂಪಿನವ್ರ ಕಾಲುನೋವು ಮಾತ್ರ ಬೇಗ ಇಳೀತು. ತಡದವ್ರಾಗ 39% ಮಂದಿ ಕಡೀಕ ಆಪರೇಶನ್ ಮಾಡಿಸ್ಕೊಂಡ್ರು.

ಆದ್ರ ಕಾಲಿನ ಶಕ್ತಿ ಪೂರಾ ಹೋದವ್ರನ್ನ ಆ ಅಧ್ಯಯನದಾಗ ತಗೊಂಡೇ ಇರಲಿಲ್ಲ. ನೀವು ಹೇಳಿದ ಹಲಗಿ ಮಾತು ನನಗ ಸರಿ ಅನಸವಲ್ದು. ಹಲಗಿ ತುಳಿಯೋ ಶಕ್ತಿ ಎಸ್1 ನರದ್ದು. ಗ್ವಾಡಿ ಹಿಡ್ಕೊಂಡು ಒಂದ ಕಾಲಿನ ಮ್ಯಾಲೆ ನಿಂತು ಹಿಮ್ಮಡ ಎತ್ತಿ ನೋಡ್ರಿ, ಮೊದಲ ಎಡಗಾಲು, ಆಮ್ಯಾಲೆ ಬಲಗಾಲು. ಫರಕ್ ಕಂಡ್ರ ಆರು ವಾರದ ಲೆಕ್ಕ ಹಿಡ್ಕೊಂಡು ಕೂಡಬ್ಯಾಡ್ರಿ, ಬೇಗ ತೋರಸ್ರಿ. ಮೂತ್ರ ಕಟ್ಟಿದ್ರ, ಗೊತ್ತಿಲ್ದ ಹೋದ್ರ, ಕೂಡೋ ಜಾಗಾ ಜೋಮು ಹಿಡದ್ರ, ಅಪರಾತ್ರಿ ಇದ್ರೂ ಸೀದಾ ಎಮರ್ಜೆನ್ಸಿಗೆ ಹೋಗ್ರಿ.

ಹಾವೇರಿ ಡ್ರೈವರ್:
ನಂದು ಎಲ್4-ಎಲ್5, ನಿಮ್ಮದಕ್ಕಿಂತ ಒಂದು ಮಣಕ ಮ್ಯಾಲಿನ ಡಿಸ್ಕ್. ಪಾದ ಮ್ಯಾಲೆತ್ತಾಕ ಬರ್ತಿರಲಿಲ್ಲ, ನಡಕೋತ ಹೊಂಟ್ರ ಚಪ್ಪಲಿ ಹಿಂದ ಉಳೀತಿತ್ತು. ಬೆನ್ನಾಗ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ರು, ಸ್ವಲ್ಪ ದಿನಾ ಆರಾಮ, ಮತ್ತ ಅದ ಹಾಡು. (ಶುಗರ್ ಇದ್ದವ್ರು ಮೊದಲ ಹೇಳ್ರಿ, ಏರತೈತಿ.) ಆಮ್ಯಾಲೆ ಮೈಕ್ರೋಡಿಸ್ಕೆಕ್ಟಮಿ ಆತು, ಅಂದ್ರ ಸಣ್ಣ ಗಾಯ ಮಾಡಿ ನರಾ ಒತ್ತೋ ಡಿಸ್ಕಿನ ತುಂಡು ತಗಿಯೋ ಆಪರೇಶನ್. ಎಚ್ಚರ ಆದಾಗ ಕಾಲಿನ ಸೆಳೆತ ಇರಲೇ ಇಲ್ಲ. ಪಾದ ಸುಧಾರಿಸಾಕ ತಿಂಗಳುಗಟ್ಲೆ ಹಿಡೀತು, ಹೆಬ್ಬೆರಳಿನ ಜೋಮು ಇನ್ನೂ ಐತಿ. ನಡಾನೋವೂ ಪೂರ್ತಿ ಹೋಗಿಲ್ಲ. ಆ ಆಪರೇಶನ್ ಇರೋದು ಕಾಲಿನ ನೋವಿಗೆ. ಅದ ಜಾಗದಾಗ ಮತ್ತ ಹೊರಗ ಬಂದು ಎರಡನೇ ಸಲ ಮಾಡಿಸ್ಕೊಂಡವ್ರೂ ಅದಾರ.

ರೊಕ್ಕದ ಮಾತು: ಬಿಪಿಎಲ್ ಇದ್ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಾಗ ಮನಿಮಂದಿಗೆಲ್ಲಾ ಸೇರಿ ವರ್ಷಕ್ಕ 5 ಲಕ್ಷದ ತನಕ ಐತಿ. ಮೊದಲ ಸರಕಾರಿ ದವಾಖಾನಿಗೆ ಹೋಗ್ರಿ. ಖಾಸಗಿಗೆ ಹೋಗೂದಾದ್ರ ಅಲ್ಲಿಂದ ರೆಫರ್ ಚೀಟಿ ಕೇಳತಾರ.

ಬೆಟಗೇರಿ ಮಗ್ಗದಾಕಿ:
ಗ್ವಾಡಿ ಹಿಡದು ನೋಡಿದೆ. ಎಡಗಾಲು ಎಷ್ಟ ಸಲಾನೂ ಎತ್ತತೈತಿ. ಬಲ ಹಿಮ್ಮಡ ಒಮ್ಮೆ ನೆಲಾ ಬಿಟ್ಟು ಥರಥರ ನಡಗಿ ಕುಸದುಬಿಡ್ತು. ನಮ್ಮತ್ತಿನೂ ನಿಂತು ನೋಡಿದ್ರು, ಎಳಸೂ ಮಾತು ಬಿಟ್ಟಾರ. ನಾಳೆ ಮುಂಜಾನೆ ಹುಬ್ಬಳ್ಳಿ ಸರಕಾರಿ ದವಾಖಾನಿ ಕಿಮ್ಸ್‌ಗೆ ಹೊಂಟೇನಿ, ನೋವಿನ ಕಥಿ ಬಿಟ್ಟು ಮೊದಲ ಹಿಮ್ಮಡದ್ದ ಹೇಳತೇನಿ. ಸೀರಿ ನಮ್ಮ ನಾದಿನಿ ಮುಗಸ್ತಾಳ, ಅಕಿ ಕೈ ಒಂಚೂರು ಬಿಗಿ, ನಡೀತೈತಿ. ಅಣ್ಣಾರ, ಬಸ್ಸಿನಾಗ ಕುಂತು ಹೋಗಾಕ ಆದೀತೇನ್ರಿ?

ಹಾವೇರಿ ಡ್ರೈವರ್:
ಬಸ್ ಡ್ರೈವರ್ ಆಗಿ ಹೇಳಬಾರದು, ರೈಲಿಗೆ ಹೋಗ್ರಿ ತಂಗಿ. ಕೂಡಾಕ ಆಗದಿದ್ರ ಎದ್ದು ನಿಂದ್ರಾಕರ ಬರತೈತಿ. ಫಿಲ್ಮ್ ಅಷ್ಟ ಒಯ್ಯಬ್ಯಾಡ್ರಿ, ರಿಪೋರ್ಟ್ ಕಾಗದ, ಆಧಾರ್, ರೇಷನ್ ಕಾರ್ಡ್ ಎಲ್ಲಾ ಝೆರಾಕ್ಸ್ ಮಾಡಿಸಿ ಇಟ್ಕೋರಿ. ಚೀಲ ಮಾತ್ರ ಬ್ಯಾರೆಯವ್ರ ಕೈಯಾಗ ಕೊಡ್ರಿ.