ತೋಳಗಳು ಮರಳಿದ್ದರಿಂದ ಯೆಲ್ಲೋಸ್ಟೋನ್ ಚೇತರಿಸಿಕೊಂಡಿತೇ?

ಪ್ರಶ್ನೆ:
ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಲಾಗಿತ್ತು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟ ಮೇಲೆ ಎಲ್ಕ್ ಜಿಂಕೆಗಳು ಕಡಿಮೆಯಾಗಿ, ಅವು ಮೇಯುತ್ತಿದ್ದ ವಿಲ್ಲೋ ಗಿಡಗಳು ಮತ್ತೆ ಚಿಗುರಿ, ಕಡೆಗೆ ನದಿಗಳ ಹರಿವೇ ಬದಲಾಯಿತೆಂದು ಓದಿದ್ದೇನೆ. ಪಿಯುಸಿ ವಿದ್ಯಾರ್ಥಿಗಳಿಗೆ ಇದನ್ನು ಪಾಠದಲ್ಲಿ ಹೇಳಬೇಕೆಂದಿದ್ದೇನೆ. ಇದು ಎಷ್ಟರ ಮಟ್ಟಿಗೆ ನಿಜ?

ಉತ್ತರ 1:
ತೋಳಗಳು ಮರಳಿ ನೆಲೆಯೂರಿದ್ದು ನಿಜ, ಎಲ್ಕ್‌ಗಳು ಕಡಿಮೆಯಾದದ್ದೂ ನಿಜ. ನದಿಯ ಮಾತನ್ನು ಮಾತ್ರ ಹೇಳದಿರುವುದು ಲೇಸು. ಎಲ್ಕ್‌ಗಳ ಇಳಿಕೆಯಲ್ಲಿಯೂ ಕರಡಿಗಳ, ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳ ಮತ್ತು ಉದ್ಯಾನದ ಗಡಿಯಾಚೆ ಬೇಟೆಯಾಡುವ ಮನುಷ್ಯರ ಪಾಲಿದೆ.

ಈ ಕಥೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಬೀವರ್, ಅಂದರೆ ತೊರೆಗಳಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸುವ, ದೊಡ್ಡ ಇಲಿಯಂಥ ಪ್ರಾಣಿ. ತೋಳಗಳಿಲ್ಲದ ಸುಮಾರು ಏಳು ದಶಕಗಳಲ್ಲಿ ಎಲ್ಕ್‌ಗಳು ವಿಲ್ಲೋವನ್ನು ಮೇದು ಕುಗ್ಗಿಸಿದ್ದರಿಂದ, ಅದನ್ನೇ ತಿಂದು ಅದರ ಕೊಂಬೆಗಳಿಂದಲೇ ಒಡ್ಡು ಕಟ್ಟುತ್ತಿದ್ದ ಬೀವರ್‌ಗಳು ಉತ್ತರ ಭಾಗದ ಅನೇಕ ಸಣ್ಣ ತೊರೆಗಳಿಂದ ಕಾಣೆಯಾದವು. ಒಡ್ಡುಗಳು ಒಡೆದವು, ತಡೆಯಿಲ್ಲದ ನೀರು ತಳದ ಮಣ್ಣನ್ನು ಕೊರೆಯುತ್ತಾ ಹೋಗಿ ತೊರೆಗಳು ಆಳಕ್ಕಿಳಿದವು, ಅವುಗಳ ಜೊತೆಗೆ ದಡದ ಅಂತರ್ಜಲವೂ ಇಳಿಯಿತು. 2001ರಲ್ಲಿ ಆರಂಭವಾಗಿ ಎರಡು ದಶಕ ನಡೆದ ಪ್ರಯೋಗವೊಂದರಲ್ಲಿ, ಬೇಲಿ ಹಾಕಿ ಎಲ್ಕ್‌ಗಳನ್ನು ತಡೆದಷ್ಟಕ್ಕೇ ವಿಲ್ಲೋ ಮೊದಲಿನ ಎತ್ತರಕ್ಕೆ ಬರಲಿಲ್ಲ. ಬೇಲಿಯ ಜೊತೆಗೆ ಕೃತಕ ಒಡ್ಡು ಕಟ್ಟಿ ನೀರು ನಿಲ್ಲಿಸಿದ ಕಡೆಯಲ್ಲಿಯೇ ಅದು ಹುಲುಸಾಗಿ ಬೆಳೆಯಿತು. ಬೇಲಿ ಮಾಡಲಾಗದ್ದನ್ನು ತೋಳ ಮಾಡೀತೆ? ನೀರಿನ ಆಸರೆಯಿದ್ದ ಕೆಲವು ಜಾಗಗಳಲ್ಲಿ ಗಿಡಗಳು ಚೇತರಿಸಿಕೊಂಡಿರುವುದನ್ನು ನಾನು ಅಲ್ಲಗಳೆಯುವುದಿಲ್ಲ.

ಉತ್ತರ 2:
ಮೇಲಿನ ಉತ್ತರಕ್ಕೆ ನಮ್ಮ ದೇಶದ ನಿದರ್ಶನವೊಂದನ್ನು ಸೇರಿಸುತ್ತೇನೆ. ಬಂಡೀಪುರ, ನಾಗರಹೊಳೆಗಳಲ್ಲಿ ನಾವು ರಸ್ತೆಯ ಪಕ್ಕದಲ್ಲೇ ಕಾಣುವ ಕಾಟಿ, ಮಧ್ಯಪ್ರದೇಶದ ಬಾಂಧವಗಢದಲ್ಲಿ 1990ರ ದಶಕದಲ್ಲಿ ಇಲ್ಲವಾಯಿತು. 2011 ಮತ್ತು 2012ರಲ್ಲಿ ಅದೇ ರಾಜ್ಯದ ಕಾನ್ಹಾ ಕಾಡಿನಿಂದ 50 ಕಾಟಿಗಳನ್ನು ಲಾರಿಗಳಲ್ಲಿ ತಂದು ಬಿಡಲಾಯಿತು; ಅವು ಮರಿ ಹಾಕಿ ಹೆಚ್ಚಿವೆ. ಆದರೆ ಹಳೆಯ ಹಿಂಡುಗಳು ಋತುವಿಗೆ ತಕ್ಕಂತೆ ದಕ್ಷಿಣದ ಬೆಟ್ಟಗಳಿಗೆ ಹೋಗಿ ಬರುತ್ತಿದ್ದವು, ಆ ಕಾಡುದಾರಿ ಈಗ ತುಂಡಾಗಿದೆ. ಲಾರಿಯಲ್ಲಿ ಕಾಟಿಯನ್ನು ತರಬಹುದು, ದಾರಿಯನ್ನು ತರಲಾಗದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪಾಠವನ್ನು ಬೀವರ್‌ನ ಒಡ್ಡಿನಿಂದಲೇ ಆರಂಭಿಸುತ್ತೇನೆ. ತೋಳದ ಸರದಿ ಆಮೇಲೆ ಬರಲಿ.