8ನೇ ತರಗತಿಗೆ ಸರ್ಕಾರಿ ಪ್ರೌಢಶಾಲೆ: ಸೇರಿಸುವ ಮುಂಚೆ ಏನೇನು ನೋಡಬೇಕು?

ತುಮಕೂರಿನ ಅಮ್ಮ (ಪ್ರಶ್ನೆ)

ಮಗಳು ಖಾಸಗಿ ಶಾಲೆಯಲ್ಲಿ 7ನೇ ತರಗತಿ ಮುಗಿಸುತ್ತಿದ್ದಾಳೆ. ಇಂಗ್ಲಿಷ್ ಮಾಧ್ಯಮ, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಸಿಕ್ಕ ಉಚಿತ ಸೀಟು. ಜೂನ್‌ನಿಂದ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಸೇರಿಸುವ ಯೋಚನೆ ಇದೆ. ಅಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆಯಂತೆ. ಆರ್‌ಟಿಇ ಹೇಗೂ 8ರವರೆಗೆ ಇದೆಯಲ್ಲ, ಇನ್ನೊಂದು ವರ್ಷ ಅಲ್ಲೇ ಓದಿಸಿ 9ಕ್ಕೆ ಬದಲಿಸಿ ಎಂದು ನೆಂಟರು ಹೇಳುತ್ತಾರೆ. ಯಾವುದು ಸರಿ? ಪಾಠ, ಊಟ, ಶೌಚಾಲಯ, ಖರ್ಚು ಇವನ್ನೆಲ್ಲ ಹೋಗಿ ನೋಡುವಾಗ ಏನು ಕೇಳಬೇಕು? "ಪರವಾಗಿಲ್ಲ, ಸೇರಿಸಿ" ಎಂಬಂಥ ಉತ್ತರ ಬೇಡ, ದಯವಿಟ್ಟು ವಿವರವಾಗಿ ಹೇಳಿ.

ಗಣಿತ ಮೇಷ್ಟ್ರು

ಬದಲಿಸುವುದೇ ಆದರೆ 8ಕ್ಕೇ ಬದಲಿಸಿ. ಒಂದು ವರ್ಷ ಕಾದು 9ಕ್ಕೆ ಬಂದರೆ ಮೊದಲು ಕೈತಪ್ಪುವುದು ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ. ಅದರ ಪರೀಕ್ಷೆ ಇರುವುದು 8ನೇ ತರಗತಿಯಲ್ಲಿ ಮಾತ್ರ. ಅದೂ ಸರ್ಕಾರಿ, ಅನುದಾನಿತ ಇಲ್ಲವೇ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರುವವರಿಗೆ. ಖಾಸಗಿ ಶಾಲೆಯ ಆರ್‌ಟಿಇ ಮಗುವಿಗೆ ಬರೆಯಲು ಅವಕಾಶವಿಲ್ಲ. ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷದೊಳಗಿರಬೇಕು, 7ರಲ್ಲಿ ಶೇ 55 ಅಂಕ ಬಂದಿರಬೇಕು (ಪರಿಶಿಷ್ಟರಿಗೆ ಶೇ 50). ಎರಡು ಪತ್ರಿಕೆ, ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯದ್ದು. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಅರ್ಜಿ ಹಾಕುವುದು ಮುಖ್ಯಶಿಕ್ಷಕರ ಮೂಲಕ, ಹಾಗಾಗಿ ಜೂನ್‌ನಲ್ಲೇ "ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಮಕ್ಕಳು ಬರೆದರು, ಎಷ್ಟು ಮಂದಿ ಆಯ್ಕೆಯಾದರು" ಎಂದು ಕೇಳಿ. ಆ ಶಾಲೆಯ ಶಿಕ್ಷಕರು ಮಕ್ಕಳ ಬೆನ್ನು ಹತ್ತಿ ಕೆಲಸ ಮಾಡುತ್ತಾರೋ ಇಲ್ಲವೋ ಎಂಬುದು ಈ ಒಂದು ಉತ್ತರದಲ್ಲೇ ಗೊತ್ತಾಗುತ್ತದೆ.

ಇನ್ನು ಪಾಠದ ವಿಷಯ. ಕಟ್ಟಡ ನೋಡಿ ತೀರ್ಮಾನಿಸಬೇಡಿ, ಹುದ್ದೆಗಳನ್ನು ನೋಡಿ. ಪ್ರೌಢಶಾಲೆಗೆ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನ, ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮತ್ತು ದೈಹಿಕ ಶಿಕ್ಷಣ ಶಿಕ್ಷಕರು ಬೇಕು. ಇವರಲ್ಲಿ ಕಾಯಂ ಯಾರು, ಅತಿಥಿ ಯಾರು, ಖಾಲಿ ಯಾವುದು ಎಂದು ಕೇಳಿ. ಸಿಬಿಝಡ್ ಖಾಲಿಯಾದರೆ ಜೀವಶಾಸ್ತ್ರವೂ ಪಿಸಿಎಂ ಶಿಕ್ಷಕರ ತಲೆಗೆ ಬರುತ್ತದೆ. ಆಗ ಮೊದಲು ಸೊರಗುವುದು ಗಣಿತದ ಅಭ್ಯಾಸ. ಅತಿಥಿ ಶಿಕ್ಷಕರು ತುಂಬಾ ಕಡೆ ಪ್ರಾಮಾಣಿಕವಾಗಿ ದುಡಿಯುತ್ತಾರೆ. ಆದರೆ ಅವರ ನೇಮಕದ ಆದೇಶ ಶಾಲೆ ಶುರುವಾದ ಮೇಲೆ ಬರುವುದರಿಂದ ಮೊದಲ ಕೆಲವು ವಾರ ಆ ವಿಷಯ ಕುಂಟುತ್ತದೆ. ಗಣಿತ, ವಿಜ್ಞಾನ, ಇಂಗ್ಲಿಷ್ ಮೂರಕ್ಕೂ ಕಾಯಂ ಶಿಕ್ಷಕರಿದ್ದರೆ ಧೈರ್ಯವಾಗಿ ಸೇರಿಸಿ. ಎರಡು ಹುದ್ದೆ ಖಾಲಿ ಇದ್ದರೆ ಪಕ್ಕದ ಇನ್ನೊಂದು ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯನ್ನೂ ನೋಡಿ ಬನ್ನಿ.

ಫಲಿತಾಂಶ ಕೇಳುವಾಗ ಬರೀ ಶೇಕಡಾವಾರು ಕೇಳಬೇಡಿ. 2024ರಿಂದ ಎಸ್‌ಎಸ್‌ಎಲ್‌ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ನಕಲು ತಡೆಯಲು ಕ್ಯಾಮೆರಾದ ನೇರ ನಿಗಾ) ಬಂದಿದೆ. ಅದಕ್ಕಿಂತ ಹಿಂದಿನ ಅಂಕಿಗಳ ಜತೆ ಹೋಲಿಸಿದರೆ ಪ್ರಯೋಜನವಿಲ್ಲ. ಎಷ್ಟು ಮಕ್ಕಳು ವರ್ಷದ ಮೊದಲ ಪರೀಕ್ಷೆಯಾದ ಪರೀಕ್ಷೆ–1ರಲ್ಲೇ ಪಾಸಾದರು, ಗಣಿತದಲ್ಲಿ ಎಷ್ಟು ಮಂದಿ ಫೇಲಾದರು ಎಂದು ಕೇಳಿ.

ಹತ್ತನೇ ಕ್ಲಾಸ್ ಬಿ ಸೆಕ್ಷನ್

ಸ್ಟೂಡೆಂಟ್ ಕಡೆಯಿಂದ ಹೇಳ್ತೀನಿ ಆಂಟಿ. ಸೇರಿದ ತಕ್ಷಣ ಸೇತುಬಂಧ ಅಂತ ನಡೆಯತ್ತೆ, ಹಿಂದಿನ ಕ್ಲಾಸಿನದ್ದನ್ನ ಮತ್ತೆ ಹೇಳಿಕೊಡೋದು. ಗೊತ್ತಿರೋದೇ ಅಲ್ವಾ ಅಂತ ರಜಾ ಹಾಕ್ಬೇಡಿ. ಬೇರೆ ಸ್ಕೂಲಿಂದ ಬಂದವರಿಗೆ ಎಲ್ಲಿ ಗ್ಯಾಪ್ ಇದೆ ಅಂತ ಮೇಷ್ಟ್ರಿಗೆ ಗೊತ್ತಾಗೋದು ಆಗಲೇ.

ಖಾಸಗಿ ಶಾಲೆ ಥರ ಡೈರಿ, ದಿನಾ ಹೋಂವರ್ಕ್ ಮೆಸೇಜ್ ಇರಲ್ಲ. ಅಪ್ಪ ಅಮ್ಮ ವಾರಕ್ಕೊಂದು ಸಲ ನೋಟ್ಸ್ ತೆಗೆದು ನೋಡ್ಬೇಕು. ಕೊನೇ ತಾರೀಕು ಹಳೇದಾಗಿದ್ರೆ ಆ ಪೀರಿಯಡ್ ನಡೀತಿಲ್ಲ ಅಂತ ಅರ್ಥ. ಪಠ್ಯಪುಸ್ತಕ ಭಾಗ 1, ಭಾಗ 2 ಅಂತ ಬರತ್ತೆ. ತಡ ಆದ್ರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಪಿಡಿಎಫ್ ಫ್ರೀ ಸಿಗತ್ತೆ.

ಊಟ ಚೆನ್ನಾಗೇ ಇರತ್ತೆ, ಆದ್ರೆ ತಟ್ಟೆ ಮನೆಯಿಂದ ತಗೊಂಡು ಹೋಗೋದು ಒಳ್ಳೇದು. ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಬೆಳಗ್ಗೆ ಹಾಲು ಅಥವಾ ರಾಗಿ ಮಾಲ್ಟ್. ಹುಡುಗೀರು ಎಷ್ಟೋ ಜನ ಯಾರಾದ್ರೂ ನೋಡ್ತಾರೆ ಅಂತ ಊಟ ಬಿಡ್ತಾರೆ, ಆಮೇಲೆ ಮಧ್ಯಾಹ್ನದ ಮೇಲೆ ತಲೆನೋವು. ದಯವಿಟ್ಟು ತಿನ್ನೋಕೆ ಹೇಳಿ. ನಾಚಿಕೆ ಪಡೋದು ಏನೂ ಇಲ್ಲ, ಅದು ನಮ್ಮ ಹಕ್ಕು.

ಧಾರವಾಡದ ಅಪ್ಪ

ಇಂಗ್ಲಿಷ್ ಮಾಧ್ಯಮದ ಮಾತಿಗೆ ನಾ ಸ್ವಲ್ಪ ಬ್ಯಾರೆ ಹೇಳ್ತೀನ್ರಿ. ಬೋರ್ಡ್ ಮ್ಯಾಲೆ ಇಂಗ್ಲಿಷ್ ಮಾಧ್ಯಮ ಅಂತ ಇರ್ತದ, ಆದ್ರ ಅದಕ್ಕಂತ ಬ್ಯಾರೆ ಮಾಸ್ತರು ಭಾಳ ಕಡೆ ಇರೂದಿಲ್ಲ. ಎರಡೂ ಮಾಧ್ಯಮದ ಹುಡುಗ್ರನ್ನ ಒಂದ ಖೋಲಿಯೊಳಗ ಕೂಡಿಸಿ ಕನ್ನಡದಾಗ ಹೇಳಿ, ಬೋರ್ಡ್ ಮ್ಯಾಲೆ ಇಂಗ್ಲಿಷ್‌ದಾಗ ಬರೀತಾರ. ವಿಚಾರ ತಿಳೀತದ, ಆದ್ರ ಪರೀಕ್ಷಾದಾಗ ಉತ್ತರ ಇಂಗ್ಲಿಷ್‌ದಾಗ ಬರಿಯೂ ರೂಢಿ ಆಗಂಗಿಲ್ಲ. ಹಂಗಾಗಿ ಆ ವಿಭಾಗಕ್ಕ ಪ್ರತ್ಯೇಕ ವೇಳಾಪಟ್ಟಿ ಐತೇನು ಅಂತ ಕಾಗದದ ಮ್ಯಾಲೆ ನೋಡ್ರಿ. 9ನೇ ತರಗತಿ ಹುಡುಗಿ ಒಬ್ಬಾಕಿ ವಿಜ್ಞಾನ ನೋಟ್ಸ್ ಕೇಳಿ ನೋಡಿದ್ರ ಇನ್ನೂ ಛಲೋ.

ನಿಮ್ಮ ಮಗಳು ಏಳು ವರ್ಷ ಇಂಗ್ಲಿಷ್ ಮಾಧ್ಯಮದಾಗ ಓದ್ಯಾಳ. ಈಗ ಕನ್ನಡ ಮಾಧ್ಯಮಕ್ಕ ಹಾಕಿದ್ರೂ ಸಿಇಟಿ ಕನ್ನಡ ಮಾಧ್ಯಮದ ಶೇ 5 ಮೀಸಲಾತಿ ಸಿಗಂಗಿಲ್ಲ, ಅದಕ್ಕ 1ರಿಂದ 10ರ ತನಕ ಪೂರ್ತಿ ಕನ್ನಡದಾಗ ಓದಿರಬೇಕು. ಆ ಆಸೆಗೆ ಮಾಧ್ಯಮ ಬದಲಿಸಬ್ಯಾಡ್ರಿ. ಗ್ರಾಮೀಣ ಶೇ 15 ಸಹಿತ ಹಂಗ. ಹತ್ತೂ ವರ್ಷ ಹಳ್ಳಿ ಸಾಲಿಯೊಳಗ ಆಗಬೇಕು. ಏಳರ ತನಕ ಹಳ್ಳಿಯೊಳಗ ಓದಿಸಿ, ಪ್ರೌಢಶಾಲೆಗೆ ಪ್ಯಾಟಿಗೆ ತಂದು ಹಾಕಿದ್ರ ಅದು ಹೋಗಿಬಿಡ್ತದ. ಇದನ್ನ ಇಲ್ಲಿ ಓದೂ ಬ್ಯಾರೆ ಮಂದಿನೂ ಲಕ್ಷ್ಯದಾಗ ಇಟ್ಕೊಳ್ರಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ

ದಾಖಲೆಗಳ ಕಡೆ ಬರುತ್ತೇನೆ, ಮುಂದೆ ಹೆಚ್ಚು ಕಣ್ಣೀರು ಹಾಕಿಸುವುದು ಇವೇ. ಮಗುವಿನ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ ಸಂಖ್ಯೆ), ವರ್ಗಾವಣೆ ಪತ್ರ (ಟಿಸಿ), ಆಧಾರ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಖಾತೆಯ ಪಾಸ್‌ಬುಕ್ ಇಷ್ಟನ್ನೂ ಮೇ ತಿಂಗಳೊಳಗೆ ಜೋಡಿಸಿಕೊಳ್ಳಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ವಿದ್ಯಾರ್ಥಿವೇತನ ಮಂಜೂರಾಗಿಯೂ ಹಣ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ, ತಂದೆ ತಾಯಿ ಹೆಸರು ಜನನ ಪ್ರಮಾಣಪತ್ರ, ಆಧಾರ್, ಸ್ಯಾಟ್ಸ್ ಮೂರರಲ್ಲೂ ಅಕ್ಷರಶಃ ಒಂದೇ ಆಗಿರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುವುದು ಶಾಲಾ ದಾಖಲೆಯಲ್ಲಿರುವ ಹೆಸರೇ. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುಪಡಿಗೆ ಅಲೆದಾಟ ತಪ್ಪಿದ್ದಲ್ಲ. ಸೇರಿಸುವ ದಿನವೇ ಸ್ಯಾಟ್ಸ್ ವಿವರದ ಒಂದು ಪ್ರತಿ ತೆಗೆಸಿಕೊಂಡು ಕೂತು ಓದಿ.

ಹಳೇ ಶಾಲೆಯವರು ಬಾಕಿ ಇದೆ ಎಂದು ಟಿಸಿ ತಡೆದರೆ ಹೆದರಬೇಡಿ. 8ನೇ ತರಗತಿಯವರೆಗೆ ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ ಅನ್ವಯಿಸುತ್ತದೆ: ಟಿಸಿ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇಬ್ಬರಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಬಗೆಹರಿಯದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. 9ಕ್ಕೆ ಬದಲಿಸಿದರೆ ಈ ರಕ್ಷಣೆ ಇರುವುದಿಲ್ಲ, ಮೇಷ್ಟ್ರು 8ಕ್ಕೇ ಬನ್ನಿ ಎಂದದ್ದಕ್ಕೆ ಇದೂ ಒಂದು ಕಾರಣ.

ಖರ್ಚು ಹೆಚ್ಚಿಲ್ಲ. ಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸ್ ಸರ್ಕಾರದ್ದು. ಸಮವಸ್ತ್ರ ಬಟ್ಟೆಯಾಗಿ ಬಂದರೆ ಹೊಲಿಗೆ ಖರ್ಚು ನಿಮ್ಮದು. ಬೇರೆ ಯಾವ ಹಣ ಕೇಳಿದರೂ ರಶೀದಿ ಪಡೆಯಿರಿ. ಬಸ್ಸಿನಲ್ಲಿ ಹೋಗುವುದಾದರೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆಯಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ.

ಶೌಚಾಲಯ ನೋಡಲು ಬೆಳಗ್ಗೆ ಹೋಗಬೇಡಿ, ಮಧ್ಯಾಹ್ನ ಊಟದ ಬಿಡುವಾದ ಮೇಲೆ ಹೋಗಿ. ನಲ್ಲಿಯಲ್ಲಿ ನೀರಿದೆಯೇ, ಒಳಗಿನ ಚಿಲಕ ಸರಿಯಿದೆಯೇ, ಪ್ಯಾಡ್ ಹಾಕಲು ಬುಟ್ಟಿ ಇದೆಯೇ ನೋಡಿ. ಬಹಳ ಕಡೆ ಕಟ್ಟಡ ಇರುತ್ತದೆ, ಟ್ಯಾಂಕಿಗೆ ನೀರು ಏರಿರುವುದಿಲ್ಲ. ಸರ್ಕಾರದ ಶುಚಿ ಯೋಜನೆಯಲ್ಲಿ ಉಚಿತವಾಗಿ ಕೊಡುವ ಪ್ಯಾಡ್ ಯಾವ ಶಿಕ್ಷಕಿಯ ಬಳಿ ಸಿಗುತ್ತದೆ ಎಂದು ಅಲ್ಲಿನ ಹುಡುಗಿಯರನ್ನೇ ಕೇಳಿ. ಅವರಿಗೆ ಗೊತ್ತಿಲ್ಲವೆಂದರೆ ಹಂಚಿಕೆ ನಡೆಯುತ್ತಿಲ್ಲ.

ತುಮಕೂರಿನ ಅಮ್ಮ

ಎಲ್ಲರಿಗೂ ಧನ್ಯವಾದ. 8ಕ್ಕೇ ಬದಲಿಸುವುದು ಖಚಿತವಾಯಿತು. ಇನ್ನೊಂದು ಅನುಮಾನ: ಅವಳ ಶಾಲೆಯಲ್ಲಿ ಇಂಗ್ಲಿಷ್ ಪ್ರಥಮ ಭಾಷೆ, ಕನ್ನಡ ದ್ವಿತೀಯ. ಇಲ್ಲಿ ಕನ್ನಡವೇ ಪ್ರಥಮ ಭಾಷೆಯಂತೆ. ಕಷ್ಟವಾಗುತ್ತದೆಯೇ?

ಗಣಿತ ಮೇಷ್ಟ್ರು

ಮೊದಲ ಆರು ತಿಂಗಳು ಕಷ್ಟ, ಅದನ್ನು ಮುಚ್ಚಿಡುವುದು ಬೇಡ. ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕದಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಹಾಗಾಗಿ ಕನ್ನಡವನ್ನು ಹಗುರವಾಗಿ ಬಿಡುವಂತಿಲ್ಲ. ದ್ವಿತೀಯ ಭಾಷೆ ಓದಿ ಬಂದವರು ಎಡವುವುದು ಗದ್ಯದಲ್ಲಲ್ಲ. ಹಳಗನ್ನಡ ಪದ್ಯ, ಸಂಧಿ, ಸಮಾಸ, ಅಲಂಕಾರ ಮತ್ತು ಛಂದಸ್ಸಿನಲ್ಲಿ. ಛಂದಸ್ಸಿಗೆ ಲಘು, ಗುರು ಗುರುತಿಸುವುದು ಮೊದಲ ಮೆಟ್ಟಿಲು. ಬೇಸಿಗೆ ರಜೆಯಲ್ಲಿ ದಿನಕ್ಕೆ ಎರಡು ಸಾಲು ಪ್ರಸ್ತಾರ (ಅಕ್ಷರಗಳ ಮೇಲೆ ಲಘು, ಗುರು ಗುರುತು) ಹಾಕಿಸಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬುದನ್ನೇ ಮಕ್ಕಳು ಹೆಚ್ಚಾಗಿ ಮರೆಯುತ್ತಾರೆ. 7ನೇ ತರಗತಿಯ ಪ್ರಥಮ ಭಾಷೆಯ ಪುಸ್ತಕವನ್ನು ಇಳಿಸಿಕೊಂಡು ಪದ್ಯಗಳನ್ನು ಗಟ್ಟಿಯಾಗಿ ಓದಿಸಿ. ಜೂನ್‌ನಲ್ಲಿ ಕನ್ನಡ ಶಿಕ್ಷಕರನ್ನು ಕಂಡು, ದ್ವಿತೀಯ ಭಾಷೆಯಿಂದ ಬಂದಿದ್ದಾಳೆ ಎಂದು ಬಾಯಿಬಿಟ್ಟು ಹೇಳಿ, ಸೇತುಬಂಧದ ಅವಧಿಯಲ್ಲೇ ಅವಳ ಕಡೆ ಗಮನ ಕೊಡುತ್ತಾರೆ.