ರೂಟಾ 25ರಲ್ಲಿ ಮಕ್ಕಳ ಜೊತೆ ಹೋಗಬಹುದಾ? ದೊಡ್ಡವನಿಗೆ ಕನ್ನಡ ಬೇಡವಂತೆ

ಬ್ಯೂನಸ್ ಐರಿಸ್‌ನಿಂದ:
ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯ ಚಳಿಗಾಲದ ರಜೆಗೆ ಅರ್ಜೆಂಟೀನಾದ ದಕ್ಷಿಣದ ಪ್ಯಾಟಗೋನಿಯಾದಲ್ಲಿರುವ ಟ್ರೆಲ್ಯೂವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ರೂಟಾ 25 ಹೆದ್ದಾರಿ ಹಿಡಿದು ಎಸ್ಕೆಲ್, ಟ್ರೆವೆಲಿನ್ ತನಕ ಹೋಗೋಣ ಅಂತಿದ್ದೇವೆ. ಸುಮಾರು 600 ಕಿಲೋಮೀಟರ್. ಮಕ್ಕಳಿಗೆ 9 ಮತ್ತು 5 ವರ್ಷ. ದೊಡ್ಡವನು ಈಗ ಮನೆಯಲ್ಲೂ ಬರೀ ಸ್ಪ್ಯಾನಿಷ್. ‘ಇಲ್ಲಿ ಯಾರೂ ಕನ್ನಡ ಮಾತಾಡಲ್ಲ, ನಾನ್ಯಾಕೆ?’ ಅಂತಾನೆ. ತಮ್ಮ ಭಾಷೆ ಉಳಿಸಿಕೊಳ್ಳಲೆಂದೇ 1865ರಲ್ಲಿ ವೇಲ್ಸ್‌ನಿಂದ ಬಂದವರ ಊರುಗಳನ್ನು ತೋರಿಸಿದರೆ ಅವನಿಗೇ ಏನಾದರೂ ಹೊಳೆಯಬಹುದು ಅಂತ ಆಸೆ. ಚಳಿಯಲ್ಲಿ ರಸ್ತೆ ಹೇಗಿರುತ್ತೆ? ಪೆಟ್ರೋಲ್, ಸಸ್ಯಾಹಾರ ಸಿಗುತ್ತಾ?

ನ್ಯೂಜೆರ್ಸಿಯಿಂದ:
ರಸ್ತೆ ವಿಚಾರ ಆಮೇಲೆ. ಮೊದಲು ಮನೆ ಸರಿಮಾಡಿಕೊಳ್ಳಿ. ಮಗು ಬೇರೆ ಭಾಷೆಯಲ್ಲಿ ಕೇಳಿದರೆ ಉತ್ತರ ಕೊಡಬೇಡಿ. ಕನ್ನಡದಲ್ಲಿ ಕೇಳುವವರೆಗೆ ಸುಮ್ನೆ ಇರಿ. ನಮ್ಮ ಇಬ್ಬರು ಮಕ್ಕಳೂ ಹೀಗೇ ಕಲಿತರು. ಮಗಳು ಇವತ್ತು ತಾನಾಗಿಯೇ ವಚನ ಓದುತ್ತಾಳೆ. ಆ ವೇಲ್ಸ್ ಜನರೂ ಮನೆಯಲ್ಲಿ ಗಟ್ಟಿಯಾಗಿ ನಿಂತಿದ್ದಕ್ಕೇ ಭಾಷೆ ಉಳಿಯಿತು. ಅಪ್ಪ ಅಮ್ಮ ಮನಸ್ಸು ಮಾಡಬೇಕು, ಅಷ್ಟೇ.

ಕಾರ್ಡಿಫ್‌ನಿಂದ:
ಇಲ್ಲ ಸಾರ್, ಅಲ್ಲಿ ಆಗಿದ್ದು ಹಾಗಲ್ಲ. ನಮ್ಮ ಮಕ್ಕಳು ಇಲ್ಲಿ ವೆಲ್ಷ್ ಮಾಧ್ಯಮದ ಶಾಲೆಯಲ್ಲಿದ್ದಾರೆ, ಈ ಕಥೆ ನಮ್ಮ ಮನೆಯಲ್ಲಿ ದಿನಾ ಬರುತ್ತೆ. ಮಿಮೋಸಾ ಹಡಗಿನಲ್ಲಿ ಬಂದವರು 150ರಷ್ಟು ಜನ. ಟ್ರೆಲ್ಯೂ ಇರುವ ಚುಬುಟ್ ನದಿ ಕಣಿವೆಯಲ್ಲಿ ಚರ್ಚು, ಶಾಲೆ, ಪತ್ರಿಕೆ, ಪಂಚಾಯ್ತಿ ಎಲ್ಲವನ್ನೂ ವೆಲ್ಷ್‌ನಲ್ಲೇ ನಡೆಸಿದರು. ಆಮೇಲೆ ಶಾಲೆಗೆ ಸ್ಪ್ಯಾನಿಷ್ ಬಂತು. ಮನೆಯಲ್ಲಿ ಮಾತಾಡುತ್ತಲೇ ಇದ್ದರು, ಆದರೂ ಎಷ್ಟೋ ಕುಟುಂಬಗಳಲ್ಲಿ ಭಾಷೆ ಅಜ್ಜ ಅಜ್ಜಿಯರ ಹತ್ತಿರವೇ ನಿಂತುಹೋಯಿತು. 1997ರಿಂದ ಪ್ರತಿ ವರ್ಷ ವೇಲ್ಸ್‌ನಿಂದ ಶಿಕ್ಷಕರನ್ನು ಕಳಿಸಲು ಶುರು ಮಾಡಿದರು. ಈಗ ಟ್ರೆಲ್ಯೂ, ಅದರ ಹತ್ತಿರದ ಗೈಮನ್, ಟ್ರೆವೆಲಿನ್ ಮೂರೂ ಕಡೆ ವೆಲ್ಷ್ ಕಲಿಸುವ ಶಾಲೆಗಳಿವೆ. ಮಗುವಿಗೆ ಬೇಕಾಗಿರುವುದು ಆ ಭಾಷೆಯಲ್ಲಿ ಜಗಳ ಆಡೋಕೆ ಇನ್ನೊಂದು ಮಗು. ಅಪ್ಪ ಮೌನವಾಗಿ ಕೂತರೆ ಮಾತಾಡುವ ಆಸೆ ಹುಟ್ಟಲ್ಲ.

ನ್ಯೂಜೆರ್ಸಿಯಿಂದ:
ಸರ್ಕಾರ ಶಿಕ್ಷಕರನ್ನು ಕಳಿಸಲಿ ಅಂತ ಕಾಯಬೇಕಾ? ನಾವು ಬಂದ ಕಾಲದಲ್ಲಿ ಇಲ್ಲಿ ಕನ್ನಡ ಶಾಲೆಯೂ ಇರಲಿಲ್ಲ, ವಾಟ್ಸಾಪೂ ಇರಲಿಲ್ಲ. ಊರಿಗೆ ಫೋನ್ ಮಾಡೋಕೂ ಲೆಕ್ಕ ಹಾಕುತ್ತಿದ್ದೆವು. ಆದರೂ ಬಿಡಲಿಲ್ಲ. ಇವತ್ತಿನ ತಂದೆ ತಾಯಿಗೆ ಮಕ್ಕಳ ಮುಖ ಸಣ್ಣಗಾದರೆ ತಡೆಯೋಕಾಗಲ್ಲ.

ಮೆಲ್ಬರ್ನ್‌ನಿಂದ:
ಇದನ್ನು ಓದಿ ಹೊಟ್ಟೆ ಸಂಕಟವಾಯಿತು. ನಮ್ಮ ಅಮ್ಮ ಹಾಸನದಿಂದ ವಿಡಿಯೋ ಕರೆ ಮಾಡಿದಾಗ ಮೊಮ್ಮಗನ ಮಾತನ್ನು ನಾನೇ ಕನ್ನಡ ಮಾಡಿ ಹೇಳಬೇಕು. ಮೊನ್ನೆ ಅಮ್ಮ, ‘ಅವನು ನಗೋದು ನೋಡ್ತೀನಿ ಬಿಡು, ಸಾಕು’ ಅಂದರು. ಪ್ರವಾಸ ಖಂಡಿತ ಮಾಡಿ.

ಸಾಂಟಿಯಾಗೊದಿಂದ:
ಯಾರೂ ರಸ್ತೆ ಬಗ್ಗೆ ಹೇಳಲಿಲ್ಲ ಅಲ್ವಾ. ನಾವು ಮಕ್ಕಳ ಜೊತೆ ಹೋಗಿದ್ದೇವೆ. ಪೂರ್ತಿ ಡಾಂಬರು ರಸ್ತೆ. ಒಂದೇ ದಿನದಲ್ಲಿ ಓಡಿಸಬೇಡಿ. ಜುಲೈನಲ್ಲಿ ಬೆಳಕಾಗುವುದೇ ಬೆಳಗ್ಗೆ 9ರ ಹೊತ್ತಿಗೆ. ಕತ್ತಲಲ್ಲಿ ಗ್ವಾನಾಕೊ (ಲಾಮಾ ಜಾತಿಯ ಕಾಡುಪ್ರಾಣಿ) ಅಡ್ಡ ಬರುತ್ತವೆ, ಗಾಳಿಗೆ ಕಾರಿನ ಬಾಗಿಲು ಕೈಯಿಂದ ಜಾರುತ್ತೆ, ಮಕ್ಕಳಿಗೆ ತೆರೆಯಲು ಬಿಡಬೇಡಿ. ಲಾಸ್ ಪ್ಲೂಮಾಸ್, ಲೋಸ್ ಅಲ್ತಾರೆಸ್, ಪಾಸೊ ದೆ ಇಂಡಿಯೋಸ್ ಮೂರು ಕಡೆಯೂ ಟ್ಯಾಂಕ್ ತುಂಬಿಸಿ, ಅರ್ಧ ಇದೆ ಅಂತ ಮುಂದೆ ಹೋಗಬೇಡಿ. ಲೋಸ್ ಅಲ್ತಾರೆಸ್ ಸರಿಸುಮಾರು ಅರ್ಧ ದಾರಿ, ರಾತ್ರಿ ಅಲ್ಲೇ ಉಳಿಯಿರಿ. ಸಂಜೆ ಬಿಸಿಲಿಗೆ ನದಿಯ ಪಕ್ಕದ ಆ ಕೆಂಪು ಬಂಡೆಗೋಡೆಗಳು ಕೆಂಡದ ಹಾಗೆ ಕಾಣುತ್ತವೆ. ನಾನು ಕಂಡ ರಸ್ತೆಗಳಲ್ಲಿ ಅಂಥ ಇನ್ನೊಂದು ತಿರುವು ಇಲ್ಲ. ಟೆಕಾ ದಾಟಿದ ಮೇಲೆ ಬೆಳಗಿನ ಹೊತ್ತು ಹಿಮ ಗಟ್ಟಿಯಾಗಿರಬಹುದು, ಟೈರ್ ಚೈನ್ ಇರಲಿ.

ಮಕ್ಕಳಿಗೆ ದಾರಿಯಲ್ಲಿ ಮಲಕಾರಾ ಕುದುರೆಯ ಕಥೆ ಹೇಳಿ. 1884ರಲ್ಲಿ ಈ ದಾರಿಯ ಒಂದು ಕಣಿವೆಯಲ್ಲಿ ದಾಳಿಯಾಗಿ ವೇಲ್ಸ್ ಜನರಲ್ಲಿ ಮೂವರು ಸತ್ತರು. ಅವರ ಜೊತೆಗಿದ್ದ ಜಾನ್ ಡೇನಿಯಲ್ ಇವಾನ್ಸ್ ಒಬ್ಬನನ್ನು ಈ ಕುದುರೆ ಕಡಿದಾದ ಇಳಿಜಾರು ಹಾರಿ ಉಳಿಸಿತು. ಅದರ ಸಮಾಧಿ ಟ್ರೆವೆಲಿನ್‌ನಲ್ಲಿದೆ. ನಮ್ಮ ಮಗಳು ಅಲ್ಲಿಂದ ಕದಲಲೇ ಇಲ್ಲ. ಅಲ್ಲೇ ಹತ್ತಿರದ ಹಳೇ ಶಾಲೆಯನ್ನೂ ನೋಡಿ. ಈ ಜಾಗ ಚಿಲಿಗೆ ಸೇರಬೇಕಾ, ಅರ್ಜೆಂಟೀನಾಗಾ ಎಂಬ ಪ್ರಶ್ನೆ ಬಂದಾಗ 1902ರಲ್ಲಿ ಈ ಜನ ಅಲ್ಲಿ ಸೇರಿ ಅರ್ಜೆಂಟೀನಾ ಅಂದರು.

ಊಟಕ್ಕೆ: ಗೈಮನ್ ಟೀ ಮನೆಗಳಲ್ಲಿ ಬ್ರೆಡ್, ಬೆಣ್ಣೆ, ಜಾಮ್ ಧಾರಾಳ. ಕಪ್ಪು ಕೇಕಿನಲ್ಲಿ ಮೊಟ್ಟೆ ಇರುತ್ತೆ, ರಮ್ ಕೂಡ ಇರಬಹುದು. ದಾರಿಯ ಬೇಕರಿಗಳಲ್ಲಿ ದನದ ಕೊಬ್ಬು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಅವಲಕ್ಕಿ ಒಯ್ಯಿರಿ.

ಸಾಧ್ಯವಾದರೆ ಜುಲೈ 28ಕ್ಕೆ ಗೈಮನ್‌ನಲ್ಲಿರಿ. ಹಡಗಿನವರು ಇಳಿದ ದಿನ. ಚರ್ಚುಗಳಲ್ಲಿ ಎಲ್ಲರಿಗೂ ಟೀ ಇರುತ್ತೆ.

ನ್ಯೂಜೆರ್ಸಿಯಿಂದ:
ಟೀ, ಕುದುರೆ ಎಲ್ಲ ಸರಿ. ಊಟದ ಹೊತ್ತಿನ ಕನ್ನಡ ಇವತ್ತೇ ಶುರು ಮಾಡಿ.

ಬ್ಯೂನಸ್ ಐರಿಸ್‌ನಿಂದ:
ಎಲ್ಲರಿಗೂ ಧನ್ಯವಾದ. ಸುಮ್ಮನಿದ್ದು ನೋಡಿದ್ದೇವೆ ಸಾರ್, ಅವನು ನಮಗಿಂತ ಜಾಸ್ತಿ ಹೊತ್ತು ಸುಮ್ಮನಿರುತ್ತಾನೆ. ಕಾರ್ಡಿಫ್‌ನವರೇ, ನಿಮ್ಮ ಮಕ್ಕಳು ವಾರಕ್ಕೊಮ್ಮೆ ಇವನ ಜೊತೆ ಕನ್ನಡದಲ್ಲಿ ಹತ್ತು ನಿಮಿಷ ಆಟ ಆಡುತ್ತಾರಾ? ಶನಿವಾರ ನಿಮ್ಮ ಸಂಜೆ ನಮಗೆ ಮಧ್ಯಾಹ್ನ. ಸಾಂಟಿಯಾಗೊದವರೇ, ಟೈರ್ ಚೈನ್ ಟ್ರೆಲ್ಯೂನಲ್ಲೇ ಬಾಡಿಗೆಗೆ ಸಿಗುತ್ತಾ, ಇಲ್ಲಿಂದಲೇ ತರಬೇಕಾ?